ಮಾವನವರ ಮೇಜಿಗೆ ಮೀನಿನ ಭಾರ

ಸಂಘದ ಕಾರ್ಯಕ್ರಮಗಳಲ್ಲಿ ಸಿಗುವ ನಮ್ಮ ಹುಡುಗ ಹುಡುಗಿಯರು, "ಆಂಟಿ, ನೀವು ಮನೆಯಲ್ಲಿ ಇಡೀ ದಿನ ಏನು ಮಾಡ್ತೀರಿ?" ಎಂದು ಕೇಳುವುದುಂಟು. "ಅಡುಗೆ" ಎಂದರೆ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಈ ಸಲ ದೀಪಾವಳಿಯ ಸಮಾರಂಭದಲ್ಲಿ ಒಬ್ಬ ಹುಡುಗಿ ಹಾಗೆ ಕೇಳಿದಾಗ, "ಬಡಗಿ ಕೆಲಸ" ಎಂದುಬಿಟ್ಟೆ. ಅವಳು ತಮಾಷೆ ಎಂದುಕೊಂಡು ನಕ್ಕಳು. ವಿಷಯ ಹೇಳಿದ ಮೇಲೆ, "ಇದನ್ನು ನಮ್ಮ ಪತ್ರಿಕೆಗೆ ಬರೆಯಿರಿ ಆಂಟಿ, ನಾನು ಅಮ್ಮನ ಕೈಲಿ ಓದಿಸಿ ಕೇಳ್ತೇನೆ" ಎಂದಳು. ಬರೆದವಳು ನಾನು, ಓದುವವಳು ಅವಳ ಅಮ್ಮ, ಕೇಳುವವಳು ಅವಳು! ಇರಲಿ, ಹೇಗಾದರೂ ತಲುಪಿದರೆ ಸರಿ.

ನಾನು ಕುಂದಾಪುರದ ಭಂಡಾರ್ಕರ್ಸ್ ಕಾಲೇಜಿನಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದವಳು. ಷೇಕ್ಸ್‌ಪಿಯರನ ನಾಟಕ ಓದಿ ಪಾಸಾದವಳಿಗೆ ಯಾವ ಮರಕ್ಕೆ ಎಷ್ಟು ಇಂಚಿನ ಸ್ಕ್ರೂ ಬೇಕೆಂದು ಯಾರೂ ಕಲಿಸಿರಲಿಲ್ಲ. 1993ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದೆ. ಗೋರೆಗಾಂವಿನ ನೆಲಮಾಳಿಗೆಯ ಆ ಮನೆ, ಒಂದು ಕೋಣೆ ಮತ್ತು ಒಂದು ಅಡುಗೆಮನೆ. ಅದರಲ್ಲಿ ಅರ್ಧ ಜಾಗವನ್ನು ನುಂಗಿಕೊಂಡು ಕುಳಿತಿದ್ದುದು ಮಾವನವರ ಸಾಗುವಾನಿ ಮೇಜು. ಮೂರೂವರೆ ಅಡಿ ಉದ್ದ, ಎರಡು ಅಡಿ ಅಗಲ, ಎರಡು ಖಾನೆಗಳು. 1968ರಲ್ಲಿ ಮಾವ ಚೋರ್ ಬಜಾರಿನಲ್ಲಿ ಕೊಂಡು, ಕೈಗಾಡಿಯಲ್ಲಿ ಪರೇಲಿನ ಚಾಳಿಗೆ ತಂದದ್ದಂತೆ. ಅದರ ಮೂಲೆ ನನ್ನ ಸೊಂಟಕ್ಕೆ ಎಷ್ಟು ಸಲ ಬಡಿದಿದೆಯೋ ಲೆಕ್ಕವಿಲ್ಲ. ಮಾವನವರ ಎದುರು ಏನೂ ಹೇಳುವ ಹಾಗಿರಲಿಲ್ಲ, ಮನಸ್ಸಿನಲ್ಲೇ ಶಪಿಸುತ್ತಿದ್ದೆ.

ಮಾವ 2011ರಲ್ಲಿ ತೀರಿಕೊಂಡರು. ಮೇಜು ಉಳಿಯಿತು. 2021ರಲ್ಲಿ ನಮ್ಮ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋದಾಗ ಅದೂ ನಮ್ಮೊಡನೆ ಮಲಾಡಿನ ಬಾಡಿಗೆ ಮನೆಗೆ ಬಂತು. 2024ರಲ್ಲಿ ಹೊಸ ಫ್ಲ್ಯಾಟಿಗೆ ಮರಳುವಾಗ ಮಾತ್ರ ನಾನು ಗಟ್ಟಿ ಮನಸ್ಸು ಮಾಡಿದೆ. ಬಿಳಿ ಗೋಡೆ, ಹೊಳೆಯುವ ಟೈಲ್ಸು, ಏಳನೆಯ ಮಹಡಿ. ಅಲ್ಲಿ ಶಾಯಿಯ ಕಲೆ, ಚಹಾದ ಉಂಗುರ ತುಂಬಿದ ಈ ಕಪ್ಪು ಮೇಜು ಯಾಕೆ? ಭಂಗಾರ್‌ವಾಲಾನಿಗೆ ಹೇಳಿಯೂ ಬಿಟ್ಟೆ. ಯಜಮಾನರು ಕೇಳಿಸಿಕೊಂಡರು, ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವರದು ಯಾವಾಗಲೂ ಹಾಗೆಯೇ.

ಅಷ್ಟರಲ್ಲಿ ಮಗ ಒಂದು ಗಾಜಿನ ತೊಟ್ಟಿ ಹೊತ್ತು ತಂದ. ಪುಣೆಗೆ ವರ್ಗವಾಗಿ ಹೊರಟ ಅವನ ಗೆಳೆಯ ಬಿಟ್ಟುಹೋದದ್ದು. ಉದ್ದ 3 ಅಡಿ, ಅಗಲ 1 ಅಡಿ, ಎತ್ತರ 15 ಇಂಚು.

"ಅಮ್ಮ, ನನಗೆ ಚಿಕ್ಕಂದಿನಿಂದ ಆಸೆ. ಅಜ್ಜ ತಾರಾಪೋರ್‌ವಾಲಾಕ್ಕೆ ಕರಕೊಂಡು ಹೋಗಿದ್ದು ನಿನಗೆ ನೆನಪಿಲ್ವಾ?" ಎಂದ.

ನೆನಪಿಲ್ಲದೆ ಏನು? ಮರೀನ್ ಡ್ರೈವಿನ ತಾರಾಪೋರ್‌ವಾಲಾ ಮತ್ಸ್ಯಾಲಯ 1951ರಲ್ಲಿ ತೆರೆದದ್ದು. ಮಾವ ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗನಾಗಿದ್ದಾಗ ರಜೆಯ ದಿನ ಅಲ್ಲಿಗೆ ಹೋಗಿ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದರಂತೆ. 2006ರಲ್ಲಿ ಮೊಮ್ಮಗನನ್ನು ಚರ್ನಿ ರೋಡ್ ಸ್ಟೇಷನ್ನಿನಲ್ಲಿ ಇಳಿಸಿ, ಕೈಹಿಡಿದು ಅಲ್ಲಿಗೆ ಕರೆದೊಯ್ದಿದ್ದರು. ಆದರೆ ಯಜಮಾನರು ಮಾತ್ರ, "ಮೀನ್ ತಿಂಬುಕೆ ಸೈ, ಸಾಕುಕೆ ಎಂತಕೆ?" ಎಂದರು.

ತೊಟ್ಟಿ ಬಂತು, ಇಡುವುದೆಲ್ಲಿ? ಟಿ.ವಿ. ಇಡುತ್ತಿದ್ದ ಹಳೆಯ ಸ್ಟ್ಯಾಂಡ್ ಇತ್ತು. ನೋಡಲು ಚಂದ, ಮೇಲೆ ಮರದ ಗೆರೆಯ ಕಾಗದ, ಒಳಗೆ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಅದನ್ನು ನೋಡಿದೊಡನೆ ನನಗೆ 2005ರ ಜುಲೈ 26 ನೆನಪಾಯಿತು. ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತ್ತು. ನಮ್ಮ ನೆಲಮಾಳಿಗೆಯ ಮನೆಯೊಳಗೆ ಮೊಣಕಾಲು ಮುಳುಗುವಷ್ಟು ನೀರು. ಇಂಥದೇ ಇನ್ನೊಂದು ಸ್ಟ್ಯಾಂಡ್ ಆಗ ನಮ್ಮಲ್ಲಿತ್ತು. ಬೆಳಗಾಗುವಷ್ಟರಲ್ಲಿ ಚಹಾದಲ್ಲಿ ಅದ್ದಿದ ಟೋಸ್ಟಿನಂತೆ ಉಬ್ಬಿ ಕೈಗೆ ಪುಡಿಪುಡಿಯಾಗಿ ಬಂತು. ಮಾವನವರ ಮೇಜು ಅದೇ ನೀರಿನಲ್ಲಿ ರಾತ್ರಿಯಿಡೀ ನಿಂತಿತ್ತು. ಒರೆಸಿ ನೆರಳಿನಲ್ಲಿ ಒಣಗಿಸಿದೆವು, ಅಷ್ಟೆ. ಸಾಗುವಾನಿಯಲ್ಲಿ ಸಹಜವಾಗಿಯೇ ಎಣ್ಣೆಯಂಶ ಇರುವುದರಿಂದ ನೀರು ಅದಕ್ಕೆ ಬೇಗ ಹತ್ತುವುದಿಲ್ಲ.

"ನೀರಿನ ಕೆಲಸಕ್ಕೆ ಮೇಜೇ ಆಗಬೇಕು" ಎಂದು ನಾನೇ ಹೇಳಿದೆ. ಭಂಗಾರ್‌ವಾಲಾನಿಗೆ ಬೇಡವೆಂದು ಫೋನು ಮಾಡಿದ್ದೂ ನಾನೇ. ಅದು ಪ್ರೀತಿಯಿಂದಲ್ಲ, ಹೊಸ ಸ್ಟ್ಯಾಂಡಿನ ದುಡ್ಡು ಉಳಿಯಲಿ ಎಂದು.

ಒಂದು ಭಾನುವಾರ ಮೇಜನ್ನು ಗೋಡೆಗೆ ಸರಿಸಿ, ಮೇಲೆ ತೊಟ್ಟಿ ಇಟ್ಟು, ನೀರು ಸುರಿಯತೊಡಗಿದೆವು. ಮೂರು ಬಕೆಟ್ ಆಗುವಷ್ಟರಲ್ಲಿ "ಕಿರ್" ಎಂದಿತು. ಬೆರಳಿನಿಂದ ತುಸು ತಳ್ಳಿದರೆ ಇಡೀ ಮೇಜು ಓಲಾಡಿ, ತೊಟ್ಟಿಯಲ್ಲಿ ಮಲ್ಪೆ ಕಡಲಿನ ಹಾಗೆ ಅಲೆ. ಮೇಜಿನ ಖಾನೆ ಎಳೆದೆ, ಬರಲಿಲ್ಲ. ಭಾರಕ್ಕೆ ಹಲಗೆ ನಡುವೆ ಬಾಗಿ ಖಾನೆಯನ್ನು ಒತ್ತಿ ಹಿಡಿದಿತ್ತು. ನನಗೆ ಕೈಕಾಲು ನಡುಗಿತು. ಕೆಳಗಿನ ಮನೆಯವರ ಹೊಸ ಪಿ.ಓ.ಪಿ. ಛಾವಣಿ ಕಣ್ಣಮುಂದೆ ಬಂತು. ರಬ್ಬರ್ ಪೈಪು ಹಾಕಿ ನೀರೆಲ್ಲ ಮತ್ತೆ ಬಕೆಟಿಗೆ ಇಳಿಸಿದೆವು.

ಆಮೇಲೆ ಕುಳಿತು ಲೆಕ್ಕ ಹಾಕಿದೆವು. ಇದನ್ನು ಮೊದಲೇ ಮಾಡಬೇಕಿತ್ತು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಮೇಲೆ ಒಂದೂವರೆ ಇಂಚು ಬಿಟ್ಟು ತುಂಬಿದರೂ ನಮ್ಮ ತೊಟ್ಟಿಗೆ ಸುಮಾರು 95 ಲೀಟರ್. ಗಾಜಿನ ತೂಕ, ಅಡಿಗೆ ಹಾಸುವ ಕಲ್ಲು ಸೇರಿಸಿದರೆ 130 ಕಿಲೋ ಹತ್ತಿರ. ಅಂದರೆ ತುಂಬಿದ ನಾಲ್ಕಕ್ಕೂ ಹೆಚ್ಚು ಗ್ಯಾಸ್ ಸಿಲಿಂಡರು! ಅದೂ ಒಂದು ಗಳಿಗೆಯಲ್ಲ, ಹಗಲೂ ರಾತ್ರಿ. ಬರೆಯಲಿಕ್ಕೆಂದು ಮಾಡಿದ ಮೇಜು ಅದು. ಕಾಲುಗಳು ನಾಲ್ಕು ಮೂಲೆಯಲ್ಲಿ, ಭಾರ ಬೀಳುವುದು ನಡುವೆ. ಅರುವತ್ತು ವರ್ಷಕ್ಕೆ ಹತ್ತಿರವಾದ ಅದರ ಸಂದುಗಳೂ ಸಡಿಲವಾಗಿದ್ದವು. ತಪ್ಪು ಮೇಜಿನದಲ್ಲ, ನಮ್ಮದು.

ಕಟ್ಟಡದಲ್ಲಿ ಬೇರೆಯವರ ಮನೆಯ ಫರ್ನಿಚರ್ ಮಾಡುತ್ತಿದ್ದ ಸುತಾರನನ್ನು ಕರೆದು ತೋರಿಸಿದೆ. ಮೇಜನ್ನು ತಟ್ಟಿ ನೋಡಿ, "ಭಾಭೀಜಿ, ಮಾಲು ಅಸಲಿ. ಕಾಲು ಕತ್ತರಿಸಿ, ಹಲಗೆ ಬಿಚ್ಚಿ ಕೊಡಿ. ಇದೇ ಮರದಲ್ಲಿ ಹೊಸ ಸ್ಟ್ಯಾಂಡ್ ಮಾಡಿಕೊಡುತ್ತೇನೆ" ಎಂದ. ಮಗ ಒಪ್ಪಿದ, ನಾನೂ ಒಪ್ಪಿದೆ. ಅವನು ಬರುವ ಮೊದಲು ಖಾಲಿ ಮಾಡಿಡೋಣವೆಂದು ಸಂಜೆ ಎರಡೂ ಖಾನೆಗಳನ್ನು ಪೂರ್ತಿ ಹೊರಗೆಳೆದು, ಧೂಳು ಕೊಡವಲು ತಲೆಕೆಳಗು ಮಾಡಿದೆವು.

ಖಾನೆಯ ಅಡಿಯಲ್ಲಿ ಪೆನ್ಸಿಲಿನ ಬರಹ. ಮಾವನವರದೇ ಅಕ್ಷರ, ಮುತ್ತು ಪೋಣಿಸಿದ ಹಾಗೆ. ಒಂದರ ಕೆಳಗೆ ಒಂದು ಊರು, ಊರಿನ ಮುಂದೆ ಅಂಕಿ: ಬೈಂದೂರು ೨೫, ಕೋಟ ೧೫, ಹೆಬ್ರಿ ೩೦, ಸಿದ್ದಾಪುರ ೨೦. ಕೊನೆಗೆ, "ಬರೆದ ಕಾಗದ ೭". ಇಂಥ ಪಟ್ಟಿ ಒಂದಲ್ಲ, ಎರಡೂ ಖಾನೆಯ ಅಡಿ ತುಂಬ.

ಮಗನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಇದು ನನ್ನದೇ ತಪ್ಪು. ಇಂಗ್ಲಿಷ್ ಬಿ.ಎ. ಮಾಡಿದ ತಾಯಿ, ಮಗನ ಇಂಗ್ಲಿಷ್ ಚೆನ್ನಾಗಿರಲಿ ಎಂದು ಅದಕ್ಕೇ ಗಂಟುಬಿದ್ದೆ. ಅವನು ಖಾನೆಯನ್ನು ದೀಪಕ್ಕೆ ಹಿಡಿದು, "ಈ ಎರಡು, ಮೂರು ಮರಾಠಿ ಹಾಗೇ ಇದೆ. ಬೆಸ್ಟ್ ಬಸ್ಸಿನ ಮೇಲೆ ಇರ್ತದಲ್ಲ, ಹಾಗೆ. ಇದು ಯಾವುದು?" ಎಂದು ಬೆರಳಿಟ್ಟ. "ಅದು ಐದು" ಎಂದೆ. ಅಜ್ಜನ ಕೈಹಿಡಿದು ಬೆಳೆದ ಹುಡುಗನಿಗೆ ಅಜ್ಜ ಬರೆದ ಐದು ತಿಳಿಯಲಿಲ್ಲವಲ್ಲ ಎಂದು ಕರುಳು ಚುರ್ರೆಂದಿತು.

ಅಷ್ಟರಲ್ಲಿ ಯಜಮಾನರು ಬಾಲ್ಕನಿಯಿಂದ ಒಳಗೆ ಬಂದು ನೆಲದ ಮೇಲೆ ಕುಳಿತರು. ಖಾನೆಯನ್ನು ತೊಡೆಯ ಮೇಲಿಟ್ಟುಕೊಂಡರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ನನಗೆ ಹೇಳದ ಕಥೆಯನ್ನು ಆ ದಿನ ಮಗನಿಗೆ ಹೇಳಿದರು.

ಮಾವ 1954ರಲ್ಲಿ ಹನ್ನೆರಡು ವರ್ಷದ ಹುಡುಗನಾಗಿ ಮುಂಬಯಿಗೆ ಬಂದವರು. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಗಿರಣಿಯೊಂದರಲ್ಲಿ ಗುಮಾಸ್ತರಾದರು. ಇಷ್ಟು ನನಗೆ ಗೊತ್ತಿತ್ತು. ಮೇಜು ಕೊಂಡ ಮೇಲೆ ಪ್ರತಿ ತಿಂಗಳ ಮೊದಲ ಭಾನುವಾರ ಹೋಟೆಲಿನ ಹುಡುಗರು ಪರೇಲಿನ ಮನೆಗೆ ಬಂದು ಬಾಗಿಲಲ್ಲಿ ಸಾಲು ಕೂರುತ್ತಿದ್ದರಂತೆ. ಬರೆಯಲು ಬಾರದ ಅವರಿಗೆ ಮಾವ ಊರಿಗೆ ಕಾಗದ ಬರೆದುಕೊಡುತ್ತಿದ್ದರು, ಮನಿಯಾರ್ಡರ್ ಫಾರಂ ತುಂಬಿಕೊಡುತ್ತಿದ್ದರು. ಯಾವ ಊರಿಗೆ ಎಷ್ಟು ಹೋಯಿತು ಎಂಬ ಲೆಕ್ಕವೇ ಖಾನೆಯ ಅಡಿಯದು. ಹುಡುಗರ ಗಳಿಕೆಯ ವಿಷಯ ಬಂದವರ ಕಣ್ಣಿಗೆ ಬೀಳಬಾರದೆಂದು ಅಲ್ಲಿ ಬರೆದದ್ದು. ಇದಕ್ಕೆ ಮಾವ ಒಂದು ಪೈಸೆ ಮುಟ್ಟುತ್ತಿರಲಿಲ್ಲ.

"1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಯ್ತು" ಎಂದರು ಯಜಮಾನರು. ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದ ಮುಷ್ಕರ ಅದು. ಮಾವ ಕೆಲಸಕ್ಕಿದ್ದ ಗಿರಣಿ ನಿಂತಿತು, ಗುಮಾಸ್ತರ ಸಂಬಳವೂ ನಿಂತಿತು. "ಆಗ ನನಗೆ ಹದಿಮೂರು ವರ್ಷ. ಮನೆಯಲ್ಲಿ ಗಂಜಿಗೂ ಕಷ್ಟ. ಅಪ್ಪಯ್ಯ ಈ ಮೇಜನ್ನು ಮಾರುವುದೆಂದು ಗಿರಾಕಿಯನ್ನೂ ಕರೆದಿದ್ದರು. ಆ ದಿನವೇ ಇಬ್ಬರು ಬಂದರು. ಹಿಂದೆ ಇದೇ ಬಾಗಿಲಲ್ಲಿ ಕೂತು ಕಾಗದ ಬರೆಸಿಕೊಂಡವರು, ಅಷ್ಟರಲ್ಲಿ ಸಣ್ಣ ಹೋಟೆಲು ಇಟ್ಟಿದ್ದರು. ಲೆಕ್ಕದ ಪುಸ್ತಕ ತಂದು ಈ ಮೇಜಿನ ಮೇಲಿಟ್ಟು, 'ಇನ್ನು ನಮ್ಮ ಲೆಕ್ಕ ನೀವೇ ಬರೆಯಬೇಕು' ಎಂದರು. ಎರಡು ವರ್ಷ ನಾವು ಉಂಡದ್ದು ಆ ಲೆಕ್ಕದಿಂದ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಭಂಗಾರ್‌ವಾಲಾನಿಗೆ ಹೇಳಿದ ನನ್ನ ಬಾಯಿಯೂ ಕಟ್ಟಿತ್ತು. "ಇದನ್ನೆಲ್ಲ ಮೊದಲೇ ಹೇಳಬಾರದಿತ್ತೇ?" ಎಂದೆ. "ಯಾರು ಕೇಳಿದರು?" ಎಂದರು. ಎದ್ದು ಹೋಗುವಾಗ ಒಂದೇ ಮಾತು, "ಮೀನು ಇಡಿ, ಆನೆ ಇಡಿ. ಮೇಜಿಗೆ ಗರಗಸ ತಾಗಬಾರದು."

ಆ ರಾತ್ರಿ ತಾಯಿ ಮಗ ಕುಳಿತು ಚಿತ್ರ ಬರೆದೆವು. ಮೇಜನ್ನು ಕತ್ತರಿಸದೆ ಅದು 130 ಕಿಲೋ ಹೊರುವುದು ಹೇಗೆ? ದಾರಿ ಒಂದೇ. ಮೇಜಿನ ಹೊಟ್ಟೆಯೊಳಗೆ, ಖಾನೆಗಳಿದ್ದ ಜಾಗದಲ್ಲಿ, ಇನ್ನೊಂದು ಗಟ್ಟಿ ಚೌಕಟ್ಟು ಕೂಡಿಸುವುದು. ಮರಕ್ಕೆ ನಮ್ಮ ಹಳೆಯ ಮಂಚ ಸಿಕ್ಕಿತು. ಅದರ ಎರಡು ಪಕ್ಕದ ಅಡ್ಡಪಟ್ಟಿ ತಲಾ 6 ಅಡಿ, ತಲೆಯ ಕಡೆ ಎರಡು ಉದ್ದ ಕಂಬ. ಪ್ರತಿ ಪಟ್ಟಿಯಿಂದ 37 ಇಂಚಿನ ಒಂದು ತೊಲೆ, ಉಳಿದದ್ದರಲ್ಲಿ ಒಂದು ಕಾಲು. ಕಂಬಗಳಿಂದ ಇನ್ನೆರಡು ಕಾಲು. ಮಂಚಕ್ಕೆ ಗರಗಸ ತಾಗಿಸುವುದಕ್ಕೆ ಯಜಮಾನರ ಅಡ್ಡಿಯಿರಲಿಲ್ಲ, ಅದು ನನ್ನ ತವರಿನ ಉಡುಗೊರೆ!

ಸುತಾರನನ್ನು ಕೆಲಸಕ್ಕಲ್ಲ, ಗುರುವಾಗಿ ಇಟ್ಟುಕೊಂಡೆವು. ಅವನು ಹೇಳಿಕೊಟ್ಟ ಮೂರು ಮಾತು ಯಾರಿಗಾದರೂ ಉಪಯೋಗವಾದೀತು.

ಮೊದಲನೆಯದು, ಭಾರ ಸ್ಕ್ರೂವಿನ ಮೇಲೆ ಬೀಳಬಾರದು, ಮರದ ಮೇಲೆ ಮರ ಕೂರಬೇಕು. ನಾನು ತೊಲೆಯನ್ನು ಕಾಲಿನ ಪಕ್ಕಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಲು ಹೊರಟಿದ್ದೆ. ಅವನು ತೊಲೆಯನ್ನು ಕಾಲಿನ ನೆತ್ತಿಯ ಮೇಲೆ ಇಡಿಸಿದ. ತೊಟ್ಟಿಯ ಭಾರ ಹಲಗೆಗೆ, ಹಲಗೆಯಿಂದ ತೊಲೆಗೆ, ತೊಲೆಯಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ ನೇರವಾಗಿ ಇಳಿಯಬೇಕು. ಸ್ಕ್ರೂ ಮತ್ತು ಫೆವಿಕಾಲ್ ಇರುವುದು ಜಾರದಂತೆ ಹಿಡಿಯಲಿಕ್ಕೆ ಮಾತ್ರ.

ಎರಡನೆಯದು, ಹೊರುವುದು ಬೇರೆ, ಓಲಾಡದಿರುವುದು ಬೇರೆ. ನಾಲ್ಕು ಕಾಲು ಎಷ್ಟೇ ದಪ್ಪವಿದ್ದರೂ ಪಕ್ಕಕ್ಕೆ ವಾಲುತ್ತವೆ. ಚೌಕಟ್ಟಿನ ಹಿಂದೆ ಹಳೆಯ ಕಪಾಟಿನ ಪ್ಲೈವುಡ್ ಬಾಗಿಲನ್ನು ಅಳತೆಗೆ ಕತ್ತರಿಸಿ ಬಿಗಿದೆವು, ಕೆಳಗೆ ಕಾಲಿನಿಂದ ಕಾಲಿಗೆ ಅಡ್ಡಪಟ್ಟಿ ಹಾಕಿದೆವು. ಮೇಜಿನ ಸಡಿಲ ಸಂದುಗಳಿಗೂ ಅಂಟು ತುಂಬಿ ಹಗ್ಗ ಬಿಗಿದು ಒಂದು ದಿನ ಬಿಟ್ಟೆವು. ಆಮೇಲೆ ತಳ್ಳಿದರೆ ಅಲುಗಾಡಲಿಲ್ಲ.

ಮೂರನೆಯದು, ಒಂದು ಸೂತ್ ಕೂಡ ದೊಡ್ಡದೇ. ಇಂಚಿನ ಎಂಟನೆಯ ಒಂದು ಭಾಗಕ್ಕೆ ಇಲ್ಲಿಯ ಸುತಾರ ಸೂತ್ ಎನ್ನುತ್ತಾನೆ, ನಮ್ಮೂರ ಆಚಾರಿ ನೂಲು ಎನ್ನುತ್ತಾನೆ. ಎರಡರ ಅರ್ಥವೂ ದಾರವೇ! ನಮ್ಮ ಚೌಕಟ್ಟು ಒಂದು ಕಡೆ ಒಂದು ನೂಲು ಗಿಡ್ಡವಾಗಿ ಹಲಗೆಗೆ ತಾಗುತ್ತಿರಲಿಲ್ಲ. ತಾಗದ ಆಸರೆ ಆಸರೆಯೇ ಅಲ್ಲ. ಸನ್‌ಮೈಕಾ ತುಂಡು ಕೂಡಿಸಿ ಸರಿಮಾಡಿದೆವು.

ಮೇಜನ್ನು ಮಗುಚಿ ಹಾಕಿ, ಚೌಕಟ್ಟು ಒಳಗಿಳಿಸಿ, ಮೂವರೂ ಸೇರಿ ಎತ್ತಿ ನಿಲ್ಲಿಸಿದೆವು. ಕೋಣೆಯ ನಡುವೆ ಬೇಡವೆಂದು ಕಂಬದ ಪಕ್ಕದ ಗೋಡೆಗೆ, ಬಿಸಿಲು ಬೀಳದ ಕಡೆ. ತೊಟ್ಟಿಯ ಅಡಿಗೆ ಅರ್ಧ ಇಂಚಿನ ಥರ್ಮಾಕೋಲ್, ಹಲಗೆಯ ಸಣ್ಣ ಏರುತಗ್ಗು ಗಾಜಿಗೆ ತಾಗದಿರಲಿ ಎಂದು. ರಸಮಟ್ಟ ಇಟ್ಟು ನೋಡಿ ಸರಿಯಿದೆ ಎಂದುಕೊಂಡರೂ, ನಾಲ್ಕು ಬೆರಳು ನೀರು ತುಂಬಿದಾಗ ಎಡಕ್ಕೂ ಬಲಕ್ಕೂ ಎರಡು ನೂಲು ವ್ಯತ್ಯಾಸ ಕಂಡಿತು. ನೀರಿನಷ್ಟು ಸತ್ಯ ಹೇಳುವ ಮಟ್ಟ ಬೇರೊಂದಿಲ್ಲ. ಮತ್ತೆ ಖಾಲಿ ಮಾಡಿ, ಕಾಲಿನ ಅಡಿಗೆ ತುಂಡು ಕೊಟ್ಟೆವು. ತೊಟ್ಟಿಯ ಅಡಿಗೆ ಮಾತ್ರ ಕೊಡಬಾರದು, ಗಾಜು ಸೀಳುತ್ತದೆ.

ಆಮೇಲೆ ಪೂರ್ತಿ ಆರು ಬಕೆಟ್ ತುಂಬಿ, ಮೀನಿಲ್ಲದೆ ಬಿಟ್ಟೆವು. ಮೊದಲ ಎರಡು ರಾತ್ರಿ ನಾನು ನಾಲ್ಕು ನಾಲ್ಕು ಸಲ ಎದ್ದು ಟಾರ್ಚು ಹಾಕಿ ನೋಡಿದ್ದೇನೆ. ಒಂದು ಸಲ ನೋಡಿದರೆ ಯಜಮಾನರು ಆಗಲೇ ಅಲ್ಲಿ ಕುಳಿತಿದ್ದರು! ಹನಿ ನೀರು ಸೋರಲಿಲ್ಲ, ಕಿರ್ ಎನ್ನಲಿಲ್ಲ. ಮೋಟಾರಿನ ವೈರನ್ನು ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಮೇಲೆ ಏರಿಸಿದ್ದೇವೆ, ವೈರಿನ ಗುಂಟ ಇಳಿದ ನೀರು ಅಲ್ಲೇ ತೊಟ್ಟಿಕ್ಕಲಿ ಎಂದು. ಮೀನಿನ ಮಲದಿಂದಾಗುವ ಅಮೋನಿಯವನ್ನು ಅರಗಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಬೆಳೆಯಲು ಕೆಲವು ವಾರ ಬೇಕು. ಮಗನಿಗೆ ತಾಳ್ಮೆ ಇರಲಿಲ್ಲ, ನಾನು ಬಿಡಲಿಲ್ಲ. ಐದು ವಾರದ ಮೇಲೆ ಆರೇ ಆರು ಗಪ್ಪಿ ಮೀನು ತಂದ. ಈಗ ಮರಿಗಳಾಗಿ ಎಣಿಸಲಾಗುವುದಿಲ್ಲ.

ಖಾನೆಗಳನ್ನೂ ಬಿಸಾಡಲಿಲ್ಲ. ಒಂದು ಮೇಜಿನ ಕೆಳಗೆ ಅಡ್ಡಪಟ್ಟಿಯ ಮೇಲೆ ಕುಳಿತು ಮೀನಿನ ಆಹಾರ, ಬಲೆ, ಪೈಪು ಹೊತ್ತಿದೆ. ಇನ್ನೊಂದನ್ನು ಬರಹ ಕಾಣುವ ಹಾಗೆ ಮೇಲಿನ ಗೋಡೆಗೆ ತೂಗುಹಾಕಿದ್ದೇವೆ. ಬಂದವರು ಮೊದಲು ಮೀನು ನೋಡುತ್ತಾರೆ, ಆಮೇಲೆ ತಲೆಯೆತ್ತಿ ಅದನ್ನು ನೋಡುತ್ತಾರೆ. "ಇದೇನು?" ಎಂದರೆ ಮಗನೇ ಹೇಳುತ್ತಾನೆ. ಅದನ್ನು ನೋಡಿಯೇ ಅವನು ಅಂಕಿ ಕಲಿತ, ಆಮೇಲೆ ಊರುಗಳ ಹೆಸರು ಕೂಡಿಸಿ ಓದಿದ. ಬೈಂದೂರಿನ 'ಬೈ' ಅವನನ್ನು ಮೂರು ದಿನ ಕಾಡಿತು. ಈಗ ದಿನಕ್ಕೆ ಒಂದು ಪುಟ ನಮ್ಮ ಸಂಘದ ಪತ್ರಿಕೆ ಓದುತ್ತಾನೆ. ಇದನ್ನೂ ಓದುತ್ತಾನೆ, ಆದ್ದರಿಂದ ಹೆಚ್ಚು ಹೊಗಳುವುದಿಲ್ಲ.

ಮಕ್ಕಳೇ, ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುವುದಿಲ್ಲ. ಮೇಜನ್ನು ಇದ್ದ ಹಾಗೇ ನಂಬಿ ನೀರು ಸುರಿದು ನಾವು ಕೆಟ್ಟೆವು. ಅದಕ್ಕೆ ಪೂಜೆ ಮಾಡಿದ್ದರೂ ಅದು 130 ಕಿಲೋ ಹೊರುತ್ತಿರಲಿಲ್ಲ. ಅದರ ಸಂದು ಎಲ್ಲಿ ಸಡಿಲ ಎಂದು ಕಣ್ಣಿಟ್ಟು ನೋಡಿ, ನಮ್ಮ ಕಾಲದ ಆಸರೆಯನ್ನು ಒಳಗಿನಿಂದ ಕೊಟ್ಟ ಮೇಲೆ ಹೊತ್ತಿತು. ಮಾತೂ ಹಾಗೆಯೇ ಇರಬಹುದು. ಕೆಲಸ ಕೊಡದೆ ಮೂಲೆಗೆ ಸರಿಸಿಟ್ಟರೆ ಒಂದು ದಿನ ಭಂಗಾರ್‌ವಾಲಾ ಬರುತ್ತಾನೆ.

ನಿಮ್ಮ ಮನೆಗಳಲ್ಲೂ ರಿಡೆವಲಪ್‌ಮೆಂಟಿನ ಸಾಮಾನು ಕಟ್ಟುವ ಕೆಲಸ ನಡೆದಿರಬಹುದು. ಅಜ್ಜನ ಟ್ರಂಕು, ಅಜ್ಜಿಯ ಮಣೆ ಬಾಗಿಲ ಹೊರಗೆ ಬಂದಿರಬಹುದು. ಕೊಡುವುದಾದರೆ ಕೊಡಿ. ಕೊಡುವ ಮುನ್ನ ಒಮ್ಮೆ ತಲೆಕೆಳಗು ಮಾಡಿ ನೋಡಿ, ಬಾಲ್ಕನಿಯಲ್ಲಿ ಸುಮ್ಮನೆ ನಿಂತಿರುವ ಅಪ್ಪನನ್ನು ಒಂದು ಮಾತು ಕೇಳಿ. ನಾನು ಮೂವತ್ತು ವರ್ಷ ಕೇಳಿರಲಿಲ್ಲ.